ಪುನರುಕ್ತಿಯ ಗುಣದೋಷ ವಿಚಾರ: ರವೀಂದರ್ ರೆಡ್ಡಿಯವರ ಶಿರಃಶಿಲ್ಪಗಳು

ಕಲಾವಿಮರ್ಶೆಯಲ್ಲಿ ಸುಲಭವಾಗಿ ಹೊರಡುವ ಆಕ್ಷೇಪಣೆಗಳಲ್ಲಿ “ಮಾಡಿದ್ದನ್ನೇ ಮಾಡುತ್ತಾರೆ” ಎಂಬುದೂ ಒಂದು. ಕವಿಯು ಹಿಂದೆ ಹೇಳಿದ ಮಾತನ್ನೇ ಹೇಳಿದರೆ, ಚಿತ್ರಕಾರನು ಹಿಂದೆ ಬರೆದ ಮುಖವನ್ನೇ ಬರೆದರೆ, ಅವನ ಪ್ರತಿಭೆ ಬತ್ತಿತೆಂದು ತೀರ್ಮಾನಿಸುವುದು ವಾಡಿಕೆಯಾಗಿದೆ. ಬೊಂಬೆ ಮಾಡುವ ಕುಶಲಕರ್ಮಿಯ ವಿಷಯದಲ್ಲಿ ಈ ಮಾತು ಆಕ್ಷೇಪಣೆಯಾಗಿಯೂ ಉಳಿಯದೆ ಒಂದು ಜಾತಿನಿರ್ಣಯವೇ ಆಗಿಬಿಡುತ್ತದೆ. ಹೊಸದನ್ನು ಮಾಡುವವನು ಕಲಾವಿದ, ಇದ್ದುದನ್ನೇ ಮಾಡುವವನು ಕಸುಬುದಾರ ಎಂಬ ವಿಭಾಗವನ್ನು ಬಹುಮಂದಿ ವಿಚಾರಮಾಡದೆ ಒಪ್ಪಿಕೊಂಡಿದ್ದಾರೆ. ಆವೃತ್ತಿಯೆಂದರೆ ಬಡತನ ಎಂಬ ನಂಬಿಕೆಯೇ ಇವೆರಡಕ್ಕೂ ಮೂಲ. ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಪರೀಕ್ಷಿಸಲು, ವಿಶಾಖಪಟ್ಟಣದಲ್ಲಿ ನೆಲೆಸಿ ಕೆಲಸ ಮಾಡಿದ ಶಿಲ್ಪಿ ಜಿ. ರವೀಂದರ್ ರೆಡ್ಡಿಯವರ ಕೃತಿಸಮೂಹ ಬಹಳ ತಕ್ಕ ಸಾಮಗ್ರಿಯಾಗಿದೆ. ಹಲವು ದಶಕಗಳ ಕಾಲ ಅವರು ಮುಖ್ಯವಾಗಿ ಒಂದೇ ವಸ್ತುವಿಗೆ ಮತ್ತೆ ಮತ್ತೆ ಕೈಹಚ್ಚಿದ್ದಾರೆ. ಆ ವಸ್ತು ಹೆಣ್ಣಿನ ತಲೆ.

೧

ಭಾರತೀಯ ಅಲಂಕಾರಶಾಸ್ತ್ರವು ಪುನರುಕ್ತಿಯನ್ನು ದೋಷಗಳ ಪಟ್ಟಿಯಲ್ಲಿ ಸೇರಿಸಿರುವುದು ನಿಜ. ಕ್ರಿ. ಶ. ೭೦೦ರ ಆಸುಪಾಸಿನವನೆಂದು ವಿದ್ವಾಂಸರು ಎಣಿಸುವ ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹತ್ತು ದೋಷಗಳನ್ನು ಎಣಿಸಿ, ಅವುಗಳಲ್ಲಿ ಒಂದನ್ನು ‘ಏಕಾರ್ಥ’ವೆಂದು ಕರೆದಿದ್ದಾನೆ. ಆದರೆ ಅವನು ಕೊಡುವ ಲಕ್ಷಣವನ್ನು ಗಮನವಿಟ್ಟು ನೋಡಬೇಕು. ಮುಂಚೆ ಹೇಳಿದ್ದನ್ನು ಮತ್ತೆ ಹೇಳುವುದೆಲ್ಲವೂ ದೋಷವೆಂದು ಅವನ ಅಭಿಪ್ರಾಯವಲ್ಲ; ಯಾವ ವಿಶೇಷವೂ ಇಲ್ಲದೆ ಮತ್ತೆ ಹೇಳಿದರೆ ಅದು ದೋಷ. ಅನುಕಂಪವೇ ಮೊದಲಾದ ಭಾವಗಳ ಅತಿಶಯವನ್ನು ತಿಳಿಸುವ ಉದ್ದೇಶವಿದ್ದ ಪಕ್ಷದಲ್ಲಿ ಪುನರುಕ್ತಿಯು ದೋಷವಲ್ಲವೆಂದೂ, ಅಷ್ಟೇ ಅಲ್ಲದೆ ಅಲಂಕಾರವೇ ಆಗುತ್ತದೆಂದೂ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಒಂಬತ್ತನೆಯ ಶತಮಾನದ ಕನ್ನಡ ಲಕ್ಷಣಗ್ರಂಥ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದಕ್ಕೆ ‘ದೋಷಾದೋಷಾನುವರ್ಣನ ನಿರ್ಣಯ’ವೆಂಬ ಹೆಸರಿರುವುದೂ ವಿಚಾರಾರ್ಹವಾಗಿದೆ. ದೋಷವನ್ನು ಹೇಳುವಾಗಲೇ ಅದೋಷವನ್ನೂ ಹೇಳಬೇಕಾಗುತ್ತದೆ, ಒಂದೆಡೆ ಕುಂದಾದುದು ಇನ್ನೊಂದೆಡೆ ಗುಣವಾಗಬಹುದು ಎಂಬ ವಿವೇಕ ಆ ಹೆಸರಿನಲ್ಲಿಯೇ ಅಡಗಿದೆ.

ಆಲಂಕಾರಿಕರು ಇನ್ನೂ ಒಂದು ದಾರಿಯನ್ನು ತೆರೆದಿಟ್ಟಿದ್ದಾರೆ. ಶಬ್ದವೂ ಅದರ ಅರ್ಥವೂ ಒಂದೇ ಆಗಿದ್ದು, ತಾತ್ಪರ್ಯ ಮಾತ್ರ ಬೇರೆಯಾಗುವಂತೆ ಪದವು ಮರಳಿ ಬಂದರೆ ಅದನ್ನು ಲಾಟಾನುಪ್ರಾಸವೆನ್ನುತ್ತಾರೆ. ಕನ್ನಡಿಗರಿಗೆ ಇದರ ಸತ್ತ್ವವನ್ನು ತಿಳಿಸಲು ಶಾಸ್ತ್ರದ ಹೆಸರೂ ಬೇಕಿಲ್ಲ. ಬಸವಣ್ಣನವರ ವಚನಗಳ ಕೊನೆಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವು ಮತ್ತೆ ಮತ್ತೆ ಬರುತ್ತದೆ. ಪುನರುಕ್ತಿಯೇ ದೋಷವಾಗುವುದಾದರೆ ವಚನವಾಙ್ಮಯಕ್ಕಿಂತ ದೋಷಪೂರ್ಣವಾದ ಸಾಹಿತ್ಯ ಇನ್ನೊಂದಿರಲಾರದು. ಹಾಗೆಂದು ಯಾರೂ ಹೇಳಿಲ್ಲ. ಒಂದು ವಚನದಲ್ಲಿ ಆ ಅಂಕಿತ ಮೊರೆಯಾಗುತ್ತದೆ, ಇನ್ನೊಂದರಲ್ಲಿ ಸಾಕ್ಷಿಯಾಗುತ್ತದೆ, ಮತ್ತೊಂದರಲ್ಲಿ ಜಗಳವಾಗುತ್ತದೆ. ಪದ ಬದಲಾಗುವುದಿಲ್ಲ, ಅದಕ್ಕಿಂತ ಮುಂಚೆ ಬಂದ ಮಾತು ಅದರ ಭಾರವನ್ನು ಬದಲಾಯಿಸುತ್ತದೆ.

ಹೀಗೆ ಪುನರುಕ್ತಿಯನ್ನು ಅಳೆಯಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಮರಳಿ ಬಂದುದರಲ್ಲಿ ವಿಶೇಷವೇನಾದರೂ ಉಂಟೆ? ಅದು ಭಾವದ ಅತಿಶಯವನ್ನು ಹೊತ್ತಿದೆಯೆ? ರೂಪ ಒಂದೇ ಇದ್ದರೂ ತಾತ್ಪರ್ಯ ಭಿನ್ನವಾಗಿದೆಯೆ? ಕಾವ್ಯಕ್ಕೆ ಹೇಳಿದ ಈ ಪ್ರಶ್ನೆಗಳನ್ನು ಶಿಲ್ಪಕ್ಕೂ ಕೇಳುವುದರಿಂದ ಬಾಧಕವೇನೂ ಇಲ್ಲ.

೨

ರವೀಂದರ್ ರೆಡ್ಡಿಯವರ ಕೃತಿಗಳನ್ನು ನೋಡುವ ಮೊದಲು ಅವು ಬೆಳೆದ ಪರಿಸರವನ್ನು ನೋಡಬೇಕಾದುದು ಅಗತ್ಯ. ಏಕೆಂದರೆ ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಆಂಧ್ರದ ಕರಾವಳಿ ಸೀಮೆಯಲ್ಲಿ ಆವೃತ್ತಿಯು ಕಲೆಗೂ ಆರಾಧನೆಗೂ ಹಳೆಯ ಆಧಾರವಾಗಿದೆ.

ವಿಜಯವಾಡದ ಇಂದ್ರಕೀಲಾದ್ರಿಯ ಮೇಲಿನ ಕನಕದುರ್ಗೆಗೆ ದಸರೆಯ ದಿನಗಳಲ್ಲಿ ದಿನಕ್ಕೊಂದು ಅಲಂಕಾರ ನಡೆಯುತ್ತದೆ. ಬಾಲಾ ತ್ರಿಪುರಸುಂದರಿ, ಗಾಯತ್ರಿ, ಅನ್ನಪೂರ್ಣೆ, ಸರಸ್ವತಿ, ಮಹಿಷಾಸುರಮರ್ದಿನಿ, ರಾಜರಾಜೇಶ್ವರಿ ಎಂದು ಹೆಸರುಗಳು ಬದಲಾಗುತ್ತವೆ, ಮೂರ್ತಿ ಒಂದೇ. ನಿನ್ನೆ ನೋಡಿದವರು ಇಂದೂ ಬರುತ್ತಾರೆ. ಕಂಡದ್ದನ್ನೇ ಕಾಣುವುದಕ್ಕೆ ಏಕೆ ಬರಬೇಕೆಂದು ಯಾರೂ ಕೇಳುವುದಿಲ್ಲ. ವಿಶಾಖಪಟ್ಟಣದ ಸಿಂಹಾಚಲದಲ್ಲಿ ಇದರ ಇನ್ನೊಂದು ಮುಖವನ್ನು ಕಾಣಬಹುದು. ಅಲ್ಲಿಯ ವರಾಹ ಲಕ್ಷ್ಮೀನರಸಿಂಹ ಮೂರ್ತಿ ವರ್ಷವೆಲ್ಲ ತೇಯ್ದ ಶ್ರೀಗಂಧದ ಲೇಪದಿಂದ ಮುಚ್ಚಿಕೊಂಡಿರುತ್ತದೆ. ಅಕ್ಷಯ ತೃತೀಯೆಯಂದು ಮಾತ್ರ ಗಂಧವನ್ನು ತೆಗೆದು ನಿಜರೂಪದ ದರ್ಶನ ಮಾಡಿಸಿ, ತರುವಾಯ ಮತ್ತೆ ಲೇಪನ ಮಾಡುತ್ತಾರೆ. ಪದರದ ಮೇಲೆ ಪದರವಾಗಿ ಕೂಡುವ ಈ ಗಂಧವು ಮೂರ್ತಿಯನ್ನು ಮರೆಮಾಡಿ ಅದಕ್ಕೆ ಲಿಂಗಾಕಾರವಾದ ಬೇರೊಂದು ರೂಪವನ್ನು ಕೊಡುತ್ತದೆ. ಅನಕಾಪಲ್ಲಿಯ ಸಮೀಪದ ಶಂಕರಮ್ ಎಂಬಲ್ಲಿ ಬೊಜ್ಜನ್ನಕೊಂಡದ ಪಕ್ಕದ ಲಿಂಗಾಲಕೊಂಡವನ್ನು ಏರಿದರೆ, ಬಂಡೆಯಲ್ಲಿಯೇ ಕಡೆದ ಸಣ್ಣ ದೊಡ್ಡ ಬೌದ್ಧ ಸ್ತೂಪಗಳು ಸಾಲುಸಾಲಾಗಿ ಕಾಣುತ್ತವೆ. ಅಲ್ಲಿ ಒಂದು ಸ್ತೂಪವನ್ನು ಆರಿಸಿ ಇದು ಶ್ರೇಷ್ಠವೆಂದು ಹೇಳುವುದಕ್ಕೆ ಅರ್ಥವಿಲ್ಲ. ಎಣಿಕೆಗೆ ಸಿಕ್ಕದಂತೆ ಮರಳಿ ಬರುವ ಆಕಾರವೇ ಆ ಬೆಟ್ಟದ ಮಾತು.

ಇದೇ ಸೀಮೆಯ ಎರಡು ಊರುಗಳು ಬೊಂಬೆಗಳಿಗಾಗಿ ಹೆಸರುವಾಸಿಯಾಗಿವೆ. ವಿಜಯವಾಡದ ಬಳಿಯ ಕೊಂಡಪಲ್ಲಿಯಲ್ಲಿ ತೆಲ್ಲಪೊಣಿಕಿ ಎಂಬ ಹಗುರವಾದ ಮರದಿಂದ ಬೊಂಬೆಯ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆ ಬೀಜದ ಪುಡಿಗೂ ಮರದ ಹೊಟ್ಟಿಗೂ ನೀರು ಬೆರೆಸಿ ಮಾಡಿದ ಅಂಟಿನಿಂದ ಜೋಡಿಸಿ, ಸುಣ್ಣದ ಬಿಳಿಯನ್ನು ಹಚ್ಚಿ, ಅದರ ಮೇಲೆ ಬಣ್ಣ ಬರೆಯುತ್ತಾರೆ. ದಶಾವತಾರ, ಅಂಬಾರಿಯ ಆನೆ, ತಾಳೆಮರ ಹತ್ತುವವನು, ಎತ್ತಿನ ಗಾಡಿ ಮೊದಲಾದವು ಅಲ್ಲಿ ತಲೆಮಾರುಗಳಿಂದ ಬಂದ ವಸ್ತುಗಳು. ಉತ್ತರಕ್ಕೆ ವರಾಹಾ ನದಿಯ ದಡದಲ್ಲಿರುವ ಏಟಿಕೊಪ್ಪಾಕ, ೨೦೨೨ರವರೆಗೆ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದು ಈಗ ಅನಕಾಪಲ್ಲಿ ಜಿಲ್ಲೆಯಲ್ಲಿದೆ. ಅಲ್ಲಿ ಅಂಕುಡು ಮರದ ತುಂಡನ್ನು ಕಡಸಲಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ಆಕಾರ ತೆಗೆದು, ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಕೇದಗೆಯ ಗರಿಯಿಂದ ಅದನ್ನು ನಯಗೊಳಿಸುತ್ತಾರೆ. ಅರಿಶಿನ, ನೀಲಿ, ರಂಗಮಾಲೆ ಬೀಜ ಮೊದಲಾದ ಸಸ್ಯಮೂಲದ ಬಣ್ಣಗಳನ್ನು ಈ ಕಸುಬಿಗೆ ಮರಳಿ ತರುವುದಕ್ಕೆ ಶ್ರಮಿಸಿದ ಸಿ. ವಿ. ರಾಜು ಅವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕನ್ನಡ ನಾಡಿನ ಓದುಗರಿಗೆ ಈ ವಿವರಗಳು ಅಪರಿಚಿತವಲ್ಲ. ಏಟಿಕೊಪ್ಪಾಕದ ಅಂಕುಡು ಮರವೂ ಚನ್ನಪಟ್ಟಣದ ಬೊಂಬೆಗಾರರು ಬಳಸುವ ಹಾಲೆಮರವೂ ಒಂದೇ ಜಾತಿಯ ಗಿಡ. ಅರಗು, ಕಡಸಲು, ಗರಿ ಎಲ್ಲವೂ ಸಮಾನವಾಗಿವೆ. ಕೊಂಡಪಲ್ಲಿಯ ಹುಣಿಸೆ ಬೀಜದ ಅಂಟಿಗೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಅಂಟು ಸಹೋದರಸ್ಥಾನದಲ್ಲಿದೆ. ಮೈಸೂರು ಸೀಮೆಯಲ್ಲಿ ದಸರೆಗೆ ಬೊಂಬೆ ಕೂರಿಸುವಂತೆ ಆಂಧ್ರದಲ್ಲಿ ಸಂಕ್ರಾಂತಿಗೆ ‘ಬೊಮ್ಮಲ ಕೊಲುವು’ ಏರ್ಪಡುತ್ತದೆ. ಈ ಸಾಲಿನಲ್ಲಿ ಕೂತ ಬೊಂಬೆಗೆ ಹೊಸತನವೇ ಗುಣವಲ್ಲ. ಕಳೆದ ವರ್ಷದ ಬೊಂಬೆ ಈ ವರ್ಷವೂ ಬಂದು ಕೂರುವುದರಲ್ಲಿ ಅದರ ಅರ್ಥವಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಡಸಲಿನ ಮೇಲೆ ಒಂದೇ ಅಳತೆಯ ನೂರು ಬುಗುರಿಗಳನ್ನು ತೆಗೆಯುವವನು ನೂರು ಸಲವೂ ಕೈಯನ್ನು ಹೊಸದಾಗಿಯೇ ಹಿಡಿಯಬೇಕು. ಮರದ ಗಂಟು ಬೇರೆ, ಅರಗು ಕಾಯುವ ಕ್ಷಣ ಬೇರೆ, ಉಳಿಯ ಮೊನೆ ಬೇರೆ. ಅಚ್ಚಿನ ಯಂತ್ರಕ್ಕೆ ಎರಡನೆಯ ಪ್ರತಿಯು ಮೊದಲನೆಯದರ ಮುಂದುವರಿಕೆ ಮಾತ್ರ. ಕೈಗೆ ಅದು ಇನ್ನೊಂದು ಪರೀಕ್ಷೆ. ಆದುದರಿಂದ ಕೈಕೆಲಸದಲ್ಲಿ ‘ಅವಿಶೇಷ’ವಾದ ಆವೃತ್ತಿ ಕಟ್ಟುನಿಟ್ಟಾಗಿ ನೋಡಿದರೆ ಸಂಭವವೇ ಅಲ್ಲ. ಆದರೆ ಕೈಗೆ ಅನುಭವವಾದ ಆ ವಿಶೇಷವು ನೋಡುವ ಕಣ್ಣಿಗೂ ಮುಟ್ಟುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಶಿಲ್ಪಿಯನ್ನು ಕೇಳಬೇಕಾದ ಪ್ರಶ್ನೆಯೂ ಅದೇ.

೩

ರವೀಂದರ್ ರೆಡ್ಡಿಯವರು ಈಗ ತೆಲಂಗಾಣಕ್ಕೆ ಸೇರಿರುವ ಸೂರ್ಯಾಪೇಟೆಯಲ್ಲಿ ೧೯೫೬ರಲ್ಲಿ ಜನಿಸಿದರು. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಶಿಲ್ಪವನ್ನು ಅಭ್ಯಾಸ ಮಾಡಿ, ಅನಂತರ ಲಂಡನ್ನಿನಲ್ಲಿ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿಯೂ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿಯೂ ವ್ಯಾಸಂಗ ಮುಂದುವರಿಸಿದರು. ಕೆಲವು ವರ್ಷ ಅಹಮದಾಬಾದಿನ ಕನೋರಿಯಾ ಕಲಾಕೇಂದ್ರದಲ್ಲಿದ್ದು, ತರುವಾಯ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು.

ಅವರ ಶಿರಃಶಿಲ್ಪಗಳ ಸಾಮಾನ್ಯ ಲಕ್ಷಣಗಳನ್ನು ಹೇಳುವುದು ಕಷ್ಟವಲ್ಲ. ತಲೆಯು ಸಹಜಪ್ರಮಾಣವನ್ನು ಮೀರಿ, ಕೆಲವೆಡೆ ಆಳೆತ್ತರಕ್ಕೂ ಬೆಳೆದು, ಗಟ್ಟಿಯಾದ ಕತ್ತಿನ ಮೇಲೆ ನೇರವಾಗಿ ನಿಂತಿರುತ್ತದೆ. ಕೆನ್ನೆ ತುಂಬಿದೆ, ತುಟಿ ದಪ್ಪ, ಮೂಗು ಅಗಲ. ಕಣ್ಣುಗಳು ರೆಪ್ಪೆ ಮಿಟುಕಿಸುವ ಲಕ್ಷಣವೇ ಇಲ್ಲದೆ ಅಗಲವಾಗಿ ತೆರೆದಿವೆ. ಬಿಳಿಯ ನಡುವೆ ಕರಿಯ ಪಾಪೆ ಎದುರಿನವರನ್ನು ನೆಟ್ಟು ನೋಡುತ್ತದೆ. ಮುಖಕ್ಕೆ ಚಿನ್ನದ ಹೊಳಪು, ಇಲ್ಲವೆ ಕೆಂಪು, ನೀಲಿ ಮುಂತಾದ ಗಾಢವಾದ ವರ್ಣ. ಮುಂದಿನಿಂದ ನೋಡಿದಾಗ ಒಂದು ಗ್ರಾಮದೇವತೆ ಎದುರಾದಂತೆ ಆಗುವುದು ಆಶ್ಚರ್ಯವಲ್ಲ. ಆದರೆ ಹಿಂದಕ್ಕೆ ಸುತ್ತಿ ಬಂದರೆ ನೋಟವೇ ಬದಲಾಗುತ್ತದೆ. ಅಲ್ಲಿ ತುರುಬು, ಜಡೆ, ಗಂಟು, ಹೂವಿನ ದಂಡೆ. ಮುಡಿದ ಹೂವುಗಳು ಸಾಲಿನ ಮೇಲೆ ಸಾಲಾಗಿ ಒತ್ತಾಗಿ ಕೂತಿವೆ. ಬಸ್ಸಿನಲ್ಲಿ, ಸಂತೆಯಲ್ಲಿ, ಮೀನು ಮಾರುವ ದಡದಲ್ಲಿ ಪ್ರತಿದಿನ ಕಾಣುವ ಹೆಂಗಸು ಅಲ್ಲಿ ಇದ್ದಾಳೆ.

ಈ ಎರಡು ನೋಟಗಳ ನಡುವಿನ ಸಂಬಂಧವೇ ಈ ಕೃತಿಗಳ ಬೀಜವೆಂದು ತೋರುತ್ತದೆ. ಮುಖವು ಒಂದರಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗುವುದಿಲ್ಲ, ಕೇಶರಚನೆ ಬದಲಾಗುತ್ತದೆ. ಮುಖವು ವಚನದ ಅಂಕಿತದ ಸ್ಥಾನದಲ್ಲಿದ್ದು, ಕೇಶವು ಆ ಅಂಕಿತಕ್ಕೆ ಮುಂಚೆ ಬರುವ ಮಾತಿನ ಸ್ಥಾನದಲ್ಲಿದೆ. ಬಿಗಿದ ತುರುಬಿನ ಮುಂದೆ ಅದೇ ಕಣ್ಣು ಗದರಿಸುವಂತೆ ಕಾಣುತ್ತದೆ. ಹೂವಿನ ಹೊರೆಯ ಮುಂದೆ ಅದೇ ಕಣ್ಣು ಬೆರಗಾದಂತೆ, ಕೆಲವೊಮ್ಮೆ ಬೆದರಿದಂತೆ ಕಾಣುತ್ತದೆ. ಲಾಟಾನುಪ್ರಾಸವೆಂದರೆ ಇದೇ: ರೂಪ ಒಂದು, ತಾತ್ಪರ್ಯ ಬೇರೆ.

೧೯೯೭ರ ‘ಕೃಷ್ಣವೇಣಿ’ ಎಂಬ ಕೃತಿಯ ಹೆಸರು ಈ ದೃಷ್ಟಿಯಿಂದ ಬಹಳ ಅರ್ಥಪೂರ್ಣವಾಗಿದೆ. ಕೃಷ್ಣವೇಣಿಯೆಂದರೆ ಕರಿಯ ಜಡೆಯವಳು; ತೆಲುಗು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಸಾಮಾನ್ಯ ಹೆಸರು; ಮತ್ತು ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ರಾಯಚೂರು ಸೀಮೆಯನ್ನು ಹಾದು ವಿಜಯವಾಡದ ಕೆಳಗೆ ಸಮುದ್ರದತ್ತ ಹರಿಯುವ ನದಿಯ ಹೆಸರು. ನದಿ, ದೇವತೆ, ನೆರೆಮನೆಯ ಹೆಣ್ಣುಮಗಳು ಮೂವರನ್ನೂ ಒಂದೇ ಶಬ್ದ ಕರೆಯುತ್ತದೆ. ಶಿಲ್ಪದಲ್ಲಿಯೂ ಹಾಗೆಯೇ ಒಂದೇ ಮುಖ ಮೂವರಿಗೂ ಸಲ್ಲುತ್ತದೆ. ದೇವತೆಯನ್ನು ಕಾಣುವಷ್ಟು ಹೊತ್ತು ಸಾಮಾನ್ಯ ಹೆಂಗಸಿನ ಮುಖವನ್ನು ನೋಡಬೇಕೆಂಬುದೇ ಈ ಗಾತ್ರಕ್ಕೂ ಈ ಚಿನ್ನಕ್ಕೂ ಇರುವ ಸಮರ್ಥನೆ. ಒಂದೇ ಒಂದು ತಲೆಯನ್ನು ಮಾಡಿ ಬಿಟ್ಟಿದ್ದರೆ ಅದು ಒಬ್ಬ ದೇವಿಯ ಅಥವಾ ಒಬ್ಬ ಹೆಣ್ಣಿನ ಪ್ರತಿಮೆಯಾಗಿ ನಿಲ್ಲುತ್ತಿತ್ತು. ಅದೇ ಮುಖ ಹಲವು ಹೆಸರುಗಳಲ್ಲಿ, ಹಲವು ಮುಡಿಗಳಲ್ಲಿ ಮರಳಿ ಬಂದಾಗ, ಈ ಮರ್ಯಾದೆ ಒಬ್ಬಳಿಗಲ್ಲ, ಎಲ್ಲರಿಗೂ ಸಲ್ಲತಕ್ಕದ್ದೆಂಬ ಅರ್ಥ ಹೊರಡುತ್ತದೆ. ಇದು ಆವೃತ್ತಿಯಿಲ್ಲದೆ ಹೇಳಲಾಗದ ಮಾತು.

೪

ಇಲ್ಲಿ ಒಂದು ಶಂಕೆ ಸಹಜವಾಗಿ ಹುಟ್ಟುತ್ತದೆ. ಈ ಶಿಲ್ಪಗಳು ಕಲ್ಲಿನವಲ್ಲ, ಮರದವಲ್ಲ. ಹೆಚ್ಚಿನವು ಪಾಲಿಯೆಸ್ಟರ್ ರಾಳ ಮತ್ತು ಗಾಜಿನ ನಾರು ಕೂಡಿದ ಫೈಬರ್‌ಗ್ಲಾಸಿನವು. ಕಾರ್ಖಾನೆಯಲ್ಲಿ ಹುಟ್ಟಿದ, ಅಚ್ಚಿನಿಂದ ತೆಗೆಯುವ ಈ ಮಾಧ್ಯಮದಲ್ಲಿ ಕೈಕೆಲಸವೆಲ್ಲಿ ಬಂತು? ಅಚ್ಚು ಇದ್ದ ಮೇಲೆ ಆವೃತ್ತಿ ಯಾಂತ್ರಿಕವೇ ಅಲ್ಲವೇ?

ಮಾಧ್ಯಮದ ಕ್ರಮವನ್ನು ತಿಳಿದರೆ ಈ ಶಂಕೆಯ ಅರ್ಧ ಪರಿಹಾರವಾಗುತ್ತದೆ. ಮೊದಲು ಜೇಡಿಮಣ್ಣಿನಲ್ಲಿ ರೂಪವನ್ನು ಕಟ್ಟಬೇಕು. ಅದರ ಮೇಲೆ ಪ್ಲಾಸ್ಟರಿನ ಅಚ್ಚನ್ನು ತುಂಡುತುಂಡಾಗಿ ತೆಗೆಯಬೇಕು. ಅಚ್ಚಿನ ಒಳಮೈಗೆ ರಾಳವನ್ನು ಬಳಿದು, ಗಾಜಿನ ನಾರಿನ ಹಾಸನ್ನು ಇಟ್ಟು, ಕುಂಚದಿಂದ ರಾಳವನ್ನು ಒತ್ತಿ ಗಾಳಿ ಉಳಿಯದಂತೆ ಕೂರಿಸಿ, ಒಂದು ಪದರದ ಮೇಲೆ ಇನ್ನೊಂದು ಪದರವನ್ನು ಹಾಕಬೇಕು. ಗಟ್ಟಿಯಾದ ಮೇಲೆ ತುಂಡುಗಳನ್ನು ಜೋಡಿಸಿ, ಬೆಸುಗೆಯ ಗುರುತು ಹೋಗುವವರೆಗೆ ಉಜ್ಜಬೇಕು. ಚಿನ್ನವನ್ನು ಹೊದಿಸುವುದಾದರೆ ಉಸಿರಿಗೂ ಹಾರುವಷ್ಟು ತೆಳುವಾದ ರೇಕುಗಳನ್ನು ಅಂಟಿನ ಮೇಲೆ ಒಂದೊಂದಾಗಿ ಹಾಸಬೇಕು. ಹುಣಿಸೆ ಅಂಟಿನಿಂದ ಅಂಗಗಳನ್ನು ಕೂಡಿಸಿ ಸುಣ್ಣದ ಪದರ ಹಚ್ಚುವ ಕೊಂಡಪಲ್ಲಿಯ ಕ್ರಮಕ್ಕೂ ಇದಕ್ಕೂ ಇರುವ ಹೋಲಿಕೆ ಮೇಲ್ಮೈಯ ಹೋಲಿಕೆಯಲ್ಲ. ಎರಡರಲ್ಲಿಯೂ ಬೇರೆಬೇರೆ ತುಂಡುಗಳನ್ನು ಒಂದು ದೇಹವಾಗಿಸಿ, ಜೋಡಣೆಯನ್ನು ಮರೆಸಿ, ಬಣ್ಣದಿಂದ ಜೀವ ತುಂಬುವ ಕ್ರಮವಿದೆ. ಅದೂ ಅಲ್ಲದೆ ಆಂಧ್ರ ಕರಾವಳಿಯ ಬೆಸ್ತರು ಈಗ ಕಡಲಿಗಿಳಿಸುವ ದೋಣಿಗಳಲ್ಲಿ ಬಹುಪಾಲು ಇದೇ ಗಾಜಿನ ನಾರಿನವು. ಹಡಗುಕಟ್ಟೆಯ ಊರಾದ ವಿಶಾಖಪಟ್ಟಣಕ್ಕೆ ಈ ಮಾಧ್ಯಮವು ಹೊರಗಿನದೆಂದು ಹೇಳುವಂತಿಲ್ಲ.

ಆದರೂ ಅರ್ಧ ಶಂಕೆ ಉಳಿಯುತ್ತದೆ. ಕೈಯಿಂದ ಮಾಡಿದ್ದೆಂಬ ಮಾತ್ರಕ್ಕೆ ಕೃತಿಗೆ ಗುಣ ಬರುವುದಿಲ್ಲ. ಶ್ರಮವೇ ಸೌಂದರ್ಯವೆಂದು ಹೇಳುವುದು ಶ್ರಮಕ್ಕೂ ಸೌಂದರ್ಯಕ್ಕೂ ಅನ್ಯಾಯ. ರವೀಂದರ್ ರೆಡ್ಡಿಯವರ ಶಿಲ್ಪಗಳಲ್ಲಿ ಮೇಲ್ಮೈ ನಯವಾಗಿ ಹೊಳೆಯುವುದರಿಂದ ಕೈಯ ಗುರುತು ಬೇಕೆಂದೇ ಅಳಿಸಿಹೋಗಿದೆ. ಅಳಿಸುವುದೂ ಕೈಯ ಕೆಲಸವೇ ಆದರೂ ನೋಡುವವನಿಗೆ ಕಾಣುವುದು ಫಲ ಮಾತ್ರ, ಕ್ರಮವಲ್ಲ. ಕ್ರಮವೇ ಕಾಣುವಂತೆ, ಕ್ರಮವೇ ಅರ್ಥವಾಗುವಂತೆ ಆವೃತ್ತಿಯನ್ನು ಬಳಸಿದ ಕಲಾವಿದೆಯೊಬ್ಬರು ಕನ್ನಡ ನಾಡಿನಲ್ಲಿ ಇದ್ದಾರೆ. ಅವರೊಂದಿಗೆ ಹೋಲಿಸಿದಾಗ ವಿಶಾಖಪಟ್ಟಣದ ಶಿಲ್ಪಿಯ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ.

೫

ಶೀಲಾ ಗೌಡ ಅವರು ೧೯೫೭ರಲ್ಲಿ ಭದ್ರಾವತಿಯಲ್ಲಿ ಜನಿಸಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಇವುಗಳಲ್ಲಿ ಅಭ್ಯಾಸ ಮಾಡಿ, ಚಿತ್ರಕಲೆಯಿಂದ ಆರಂಭಿಸಿ, ೧೯೯೨ರ ಕೋಮುಗಲಭೆಗಳ ಅನಂತರದ ವರ್ಷಗಳಲ್ಲಿ ಸಗಣಿ, ದಾರ, ಕುಂಕುಮ ಮುಂತಾದ ವಸ್ತುಗಳತ್ತ ತಿರುಗಿದರು. ೧೯೯೬ರಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಏರ್ಪಡಿಸಿದ ಸಮಕಾಲೀನ ಏಷ್ಯದ ಕಲಾಪ್ರದರ್ಶನದಲ್ಲಿ ಅವರ ಕೃತಿಗಳೂ ರವೀಂದರ್ ರೆಡ್ಡಿಯವರ ಕೃತಿಗಳೂ ಸೇರಿದ್ದವು.

‘ನನ್ನ ನೋವನ್ನು ಅವನಿಗೆ ತಿಳಿಸು’ ಎಂಬ ಅರ್ಥದ ಇಂಗ್ಲಿಷ್ ಹೆಸರುಳ್ಳ ಅವರ ಕೃತಿಯ ಮೊದಲ ರೂಪ ೧೯೯೮ರದು. ಸೂಜಿಯ ಕಣ್ಣಿನಲ್ಲಿ ದಾರವನ್ನು ಪೋಣಿಸಿ, ನೂರಾರು ಅಡಿ ಉದ್ದಕ್ಕೆ ಎಳೆದು, ಹಾಗೆ ಎಳೆದ ಹಲವಾರು ಎಳೆಗಳನ್ನು ಕೂಡಿಸಿ, ಕುಂಕುಮ ಬೆರೆತ ಅಂಟನ್ನು ಸವರಿ ಕೆಂಪು ಹಗ್ಗವನ್ನು ಮಾಡಿದ್ದಾರೆ. ಹಗ್ಗ ಗೋಡೆಯ ಮೇಲೂ ನೆಲದ ಮೇಲೂ ಹರಿದು ಸುರುಳಿಯಾಗುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ನೋಡುವವನಿಗೆ ಮೊದಲು ಕಾಣುವುದು ಹಗ್ಗ, ಆಮೇಲೆ ಸೂಜಿ, ಕೊನೆಗೆ ಈ ಉದ್ದವೆಲ್ಲ ಒಂದೊಂದು ಸೂಜಿಯ ಕಣ್ಣನ್ನು ಹಾದು ಬಂದುದೆಂಬ ಅರಿವು. ಆ ಅರಿವಿನೊಡನೆಯೇ ಮನೆಯೊಳಗೆ ಹೆಂಗಸರು ಮಾಡುವ, ಲೆಕ್ಕಕ್ಕೆ ಬಾರದ ಕೆಲಸದ ಉದ್ದವೂ ನೆನಪಾಗುತ್ತದೆ. ೨೦೦೯ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾದ ಇನ್ನೊಂದು ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೆಣೆದ ಹಗ್ಗಗಳು ಕಾರಿನ ಬಂಪರುಗಳನ್ನು ಕಟ್ಟಿ ತೂಗಿಸಿವೆ. ದೃಷ್ಟಿಯಾಗದಿರಲೆಂದು ವಾಹನಕ್ಕೆ ಕಟ್ಟುವ ಕೂದಲಿನ ಹುರಿ ಬೆಂಗಳೂರಿನವರಿಗೆ ಪರಿಚಿತವೇ.

ದಂಡಿಯು ಹೇಳಿದ ಅನುಕಂಪದ ಅತಿಶಯಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ. ಇಲ್ಲಿ ಮರಳಿ ಮರಳಿ ಬರುವುದು ಆಕೃತಿಯಲ್ಲ, ಕ್ರಿಯೆ. ಒಂದು ಸಲ ಪೋಣಿಸಿದರೆ ಅದು ಹೊಲಿಗೆ. ಎಣಿಕೆ ತಪ್ಪುವಷ್ಟು ಸಲ ಪೋಣಿಸಿದರೆ ಅದು ವೇದನೆಯ ಅಳತೆ. ರವೀಂದರ್ ರೆಡ್ಡಿಯವರಲ್ಲಿ ಆವೃತ್ತಿಯು ಕೃತಿಯಿಂದ ಕೃತಿಗೆ ನಡೆಯುತ್ತದೆ. ಶೀಲಾ ಗೌಡ ಅವರಲ್ಲಿ ಒಂದೇ ಕೃತಿಯ ಒಳಗೆ ನಡೆಯುತ್ತದೆ. ಮೊದಲನೆಯವರು ರೂಪವನ್ನು ಮರಳಿಸಿ ತಾತ್ಪರ್ಯವನ್ನು ಬೇರೆ ಮಾಡುತ್ತಾರೆ. ಎರಡನೆಯವರು ಕ್ರಿಯೆಯನ್ನು ಮರಳಿಸಿ ಭಾವವನ್ನು ಅತಿಶಯಗೊಳಿಸುತ್ತಾರೆ. ಮೊದಲನೆಯವರ ಕೇಶವು ಮುಡಿದ ಸಂಭ್ರಮ, ಎರಡನೆಯವರ ಕೇಶವು ಕಡಿದುಕೊಟ್ಟ ಹರಕೆ. ಎರಡೂ ಶಾಸ್ತ್ರಸಮ್ಮತವಾದ ದಾರಿಗಳೇ. ಇ೦ತಹ ಹೋಲಿಕೆಯಿಂದ ಒಬ್ಬರನ್ನು ಮೇಲಕ್ಕೂ ಇನ್ನೊಬ್ಬರನ್ನು ಕೆಳಕ್ಕೂ ಇಡುವುದು ಉದ್ದೇಶವಲ್ಲ; ಪುನರುಕ್ತಿ ಎಂಬ ಒಂದೇ ಹೆಸರಿನ ಕೆಳಗೆ ಎಷ್ಟು ಭಿನ್ನವಾದ ವ್ಯಾಪಾರಗಳಿವೆಯೆಂಬುದನ್ನು ತಿಳಿಯುವುದು ಉದ್ದೇಶ.

೬

ಹೀಗೆ ಹೇಳಿದ ಮೇಲೆ, ರವೀಂದರ್ ರೆಡ್ಡಿಯವರ ಆವೃತ್ತಿ ಎಲ್ಲೆಡೆಯೂ ಸಫಲವಾಗಿದೆಯೆಂದು ಹೇಳುವುದು ವಿಮರ್ಶೆಯಾಗದು. ಕೆಲವು ತಲೆಗಳಲ್ಲಿ ಕೇಶರಚನೆಯ ವೈಭವವು ಮುಖದ ಮೇಲೆ ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಹೂವು ಹೆಚ್ಚಿದೆ, ವರ್ಣ ಗಾಢವಾಗಿದೆ, ಆದರೆ ಕಣ್ಣು ಹೇಳುವುದು ಹಿಂದಿನ ತಲೆಯ ಕಣ್ಣು ಹೇಳಿದ್ದನ್ನೇ. ಅಂಕಿತವುಂಟು, ವಚನವಿಲ್ಲ. ಅಂತಹೆಡೆ ಆವೃತ್ತಿಯು ಶಿಲ್ಪಿಯನ್ನು ಗುರುತಿಸುವ ಮುದ್ರೆಯಾಗುತ್ತದೆ. ಕಲಾವ್ಯಾಪಾರಕ್ಕೆ ಬೇಕಾದುದೂ ಆ ಮುದ್ರೆಯೇ. ದೂರದಿಂದಲೇ ಇದು ಇಂಥವರದೆಂದು ತಿಳಿಯುವ ವಸ್ತುವಿಗೆ ಮಾರುಕಟ್ಟೆಯಲ್ಲಿ ಬೆಲೆ ಸುಲಭವಾಗಿ ಕಟ್ಟಬಹುದು. ದಂಡಿಯ ಅಳತೆಯಿಂದ ಅದು ಅವಿಶೇಷವಾದ ಆವೃತ್ತಿ, ಆದುದರಿಂದ ದೋಷ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಈ ಮುಖಗಳು ಸಾಮಾನ್ಯವಾಗಿ ತುಂಬುಪ್ರಾಯದವು. ಸುಕ್ಕು ಇಲ್ಲ, ದಣಿವಿಲ್ಲ. ದುಡಿಯುವ ಹೆಣ್ಣಿಗೆ ದೇವತೆಯ ಗಾತ್ರವನ್ನು ಕೊಡುವಾಗ ಅವಳ ದುಡಿತದ ಗುರುತು ಚಿನ್ನದ ರೇಕಿನ ಕೆಳಗೆ ಮುಚ್ಚಿಹೋಗುವ ಅಪಾಯವಿದೆ. ಸಿಂಹಾಚಲದ ಮೂರ್ತಿಗೆ ವರ್ಷಕ್ಕೊಮ್ಮೆಯಾದರೂ ಗಂಧ ಕಳಚುತ್ತದೆ. ಈ ಶಿರಗಳಲ್ಲಿ ಒಂದಾದರೂ ಹೊದಿಕೆ ಕಳಚಿ ವಯಸ್ಸಾದ ಮುಖವನ್ನು ತೋರಿದ್ದರೆ, ಉಳಿದವುಗಳ ಅರ್ಥವೂ ಹೆಚ್ಚುತ್ತಿತ್ತು.

ಈ ದೋಷಗಳನ್ನು ಹೇಳಬಹುದಾದುದಕ್ಕೆ ಕಾರಣ, ಪ್ರತಿಯೊಂದು ತಲೆಯನ್ನೂ ಬೇರೆಬೇರೆಯಾಗಿ ನೋಡುವ ಗೌರವ ಶಿಲ್ಪಿಗೆ ಸಂದಿದೆ. ಕೊಂಡಪಲ್ಲಿಯ, ಏಟಿಕೊಪ್ಪಾಕದ, ಚನ್ನಪಟ್ಟಣದ, ಕಿನ್ನಾಳದ ಬೊಂಬೆಗಾರನಿಗೆ ಆ ಗೌರವ ಬಹುಮಟ್ಟಿಗೆ ದೊರೆತಿಲ್ಲ. ಏಟಿಕೊಪ್ಪಾಕದ ಬೊಂಬೆಗಳಿಗೆ ೨೦೧೭ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಅದರಿಂದ ಊರಿನ ಹೆಸರಿಗೆ ರಕ್ಷಣೆ ಬಂತು. ಬೊಂಬೆಯನ್ನು ಮಾಡಿದ ಕೈಯ ಹೆಸರು ಮಾತ್ರ ಸಾಮಾನ್ಯವಾಗಿ ಬೊಂಬೆಯ ಮೇಲೆ ಇರುವುದಿಲ್ಲ. ಕೊಂಡಪಲ್ಲಿಯಲ್ಲಿ ಪೊಣಿಕಿ ಮರ ಈಚಿನ ವರ್ಷಗಳಲ್ಲಿ ಸುಲಭವಾಗಿ ಸಿಕ್ಕುತ್ತಿಲ್ಲ. ಪೇಟೆಯಲ್ಲಿ ಅಚ್ಚಿನ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯೂ ಇದೆ. ಅಚ್ಚಿನ ಆಟಿಕೆಯನ್ನೂ ಕೈಯ ಬೊಂಬೆಯನ್ನೂ “ಎಲ್ಲ ಒಂದೇ ತರಹ” ಎಂದು ಒಂದೇ ತಕ್ಕಡಿಗೆ ಹಾಕುವ ಗಿರಾಕಿಯು ತಪ್ಪುಮಾಡುವುದಾದರೆ, ಆ ತಪ್ಪಿಗೆ ಆಧಾರವನ್ನು ಒದಗಿಸಿದವರು ಆವೃತ್ತಿಯೆಂದರೆ ಬಡತನವೆಂದು ಬರೆದ ವಿಮರ್ಶಕರೇ.

ಆದುದರಿಂದ ಅಳತೆಗೋಲು ಒಂದೇ ಇರಬೇಕು. ಮರಳಿ ಬಂದುದರಲ್ಲಿ ವಿಶೇಷವುಂಟೆ, ಭಾವದ ಅತಿಶಯವುಂಟೆ, ತಾತ್ಪರ್ಯಭೇದವುಂಟೆ ಎಂಬ ಪ್ರಶ್ನೆಗಳನ್ನು ವಿಶ್ವವಿದ್ಯಾನಿಲಯದ ಶಿಲ್ಪಿಗೆ ಕೇಳುವಂತೆ ಬೊಂಬೆಯ ಕಾಲೊನಿಯ ಕೆತ್ತುಗಾರನಿಗೂ ಕೇಳಬೇಕು. ಕೇಳಿದರೆ, ಹೆಸರುಳ್ಳ ಕೆಲವು ಕೃತಿಗಳು ಅವಿಶೇಷವೆಂದು ಕೆಳಗಿಳಿಯಬಹುದು. ಹೆಸರಿಲ್ಲದ ಕೆಲವು ಬೊಂಬೆಗಳಲ್ಲಿ, ಹುಬ್ಬಿನ ಒಂದು ಗೆರೆಯಲ್ಲಿ, ಕತ್ತಿನ ಒಂದು ವಾಲಿಕೆಯಲ್ಲಿ, ಒಬ್ಬನ ಕೈ ಇನ್ನೊಬ್ಬನ ಕೈಯಿಂದ ಬೇರೆಯೆಂದು ಗೊತ್ತಾಗಬಹುದು. ಅದಕ್ಕೆ ಬೊಂಬೆಯನ್ನು ಬೊಂಬೆಯ ಪಕ್ಕದಲ್ಲಿಟ್ಟು, ಮಾಡಿದವರ ಹೆಸರನ್ನೂ ವರ್ಷವನ್ನೂ ಬರೆದಿಟ್ಟು, ಸಾವಕಾಶವಾಗಿ ನೋಡುವ ಅಭ್ಯಾಸ ಬೇಕು. ರವೀಂದರ್ ರೆಡ್ಡಿಯವರ ಶಿರಗಳು ಒಂದೇ ಮುಖವನ್ನು ಹಲವು ಸಲ ಮುಂದಿಟ್ಟು ನೋಡುವವರಿಗೆ ಕಲಿಸುವುದು ಈ ಅಭ್ಯಾಸವನ್ನೇ. ಚನ್ನಪಟ್ಟಣ, ಕಿನ್ನಾಳಗಳ ಕೈಕೆಲಸವನ್ನು ಹೀಗೆ ನೋಡಿ ದಾಖಲು ಮಾಡುವ ಕೆಲಸವನ್ನು ಕನ್ನಡ ವಿದ್ವಾಂಸರು ಕೈಗೊಂಡರೆ, ‘ದೋಷಾದೋಷ’ವೆಂಬ ಹಳೆಯ ಮಾತು ಮತ್ತೆ ಬಳಕೆಗೆ ಬಂದಂತಾಗುತ್ತದೆ.